ಹೆರೊಡೊಟಸ್ ಒಂಬತ್ತು ಪುಸ್ತಕ ಬರೆದನೇ?

'ಕಲೆಗಳ ಒಂಬತ್ತು ಮ್ಯೂಸ್ ದೇವತೆಯರ ಲೆಕ್ಕಕ್ಕೆ ಹೆರೊಡೊಟಸ್ ಒಂಬತ್ತು ಪುಸ್ತಕ ಬರೆದನಂತೆ, ಹೌದಾ?' ಮತ್ತೆ ಅದೇ ಪ್ರಶ್ನೆ. ಇಲ್ಲ. ಅವನು ಬರೆದದ್ದು ಒಂದೇ ಉದ್ದ ಕೃತಿ, ಒಂಬತ್ತು ಭಾಗ ಮಾಡಿದ್ದು ನಂತರದವರು. ಎಷ್ಟು ಸಲ ಹೇಳಿದರೂ ಈ ಕತೆ ಸಾಯುವುದಿಲ್ಲ, ಹಾಗಾಗಿ ಈ ಸಲ ಸಾಕ್ಷಿ ಸಮೇತ ಹೇಳುತ್ತೇನೆ.

ಹೆರೊಡೊಟಸ್ ಗ್ರೀಕ್ ಇತಿಹಾಸಕಾರ. ಪರ್ಷಿಯನ್ನರು ಗ್ರೀಸಿನ ಮೇಲೆ ದಂಡೆತ್ತಿ ಬಂದು ಸೋತ ಕತೆಯನ್ನು ಅವನು ಬರೆದದ್ದು ಕ್ರಿ.ಪೂ. 5ನೇ ಶತಮಾನದಲ್ಲಿ. ಹಿಂದೆ ಮುಂದೆ ಬೊಟ್ಟು ಮಾಡುವಾಗ ಅವನು ಎಲ್ಲೂ 'ನಾಲ್ಕನೇ ಪುಸ್ತಕ' ಅನ್ನುವುದಿಲ್ಲ. 'ಲಿಬಿಯಾದ ಕಥನದಲ್ಲಿ ಹೇಳುತ್ತೇನೆ' ಅನ್ನುತ್ತಾನೆ, ಅಷ್ಟೇ. ಒಂಬತ್ತರ ಲೆಕ್ಕ ಕ್ರಿ.ಪೂ. 1ನೇ ಶತಮಾನದ ಇತಿಹಾಸಕಾರ ಡಿಯೊಡೋರಸ್ ಕೊಡುತ್ತಾನೆ. ಮ್ಯೂಸ್‌ಗಳ ಹೆಸರಿನ ಕತೆ ಇನ್ನೂ ತಡ. ಹೆರೊಡೊಟಸ್ ಒಲಿಂಪಿಯಾದಲ್ಲಿ ಓದಿದಾಗ ಕೇಳಿದವರು ಮೆಚ್ಚಿ ಆ ಹೆಸರು ಇಟ್ಟರು ಅಂತ ಕ್ರಿ.ಶ. 2ನೇ ಶತಮಾನದ ಲೇಖಕ ಲೂಸಿಯನ್ ಬರೆಯುತ್ತಾನೆ. ಆರುನೂರು ವರ್ಷದ ಅಂತರ! ಲೂಸಿಯನ್ ಕೂಡ ಹೆರೊಡೊಟಸ್ಸೇ ಇಟ್ಟ ಅನ್ನುವುದಿಲ್ಲ, ಗಮನಿಸಿ.

ಇನ್ನೂ ನಂಬಿಕೆ ಬರದಿದ್ದರೆ ಪುಸ್ತಕವನ್ನೇ ತೆರೆಯಿರಿ. ಮೂರನೆಯದು ಶುರುವಾಗುವುದೇ 'ಈ ಅಮಾಸಿಸ್‌ನ ಮೇಲೆ' ಪರ್ಷಿಯಾದ ರಾಜ ಕ್ಯಾಂಬಿಸಿಸ್ ದಂಡೆತ್ತಿ ಹೋದ ಅಂತ. ಯಾವ ಅಮಾಸಿಸ್? ಎರಡನೆಯದರ ಕೊನೆಯಲ್ಲಿ ಬಂದ ಈಜಿಪ್ಟಿನ ರಾಜ. ಎಂಟನೆಯದರ ಕೊನೆಯಲ್ಲಿ ಅಥೆನ್ಸಿನವರ ಉತ್ತರ ಕೇಳಿ ಸ್ಪಾರ್ಟಾದ ದೂತರು ಊರಿಗೆ ಹೊರಟರು. ಇತ್ತ ಪರ್ಷಿಯನ್ ಸೇನಾಪತಿ ಮಾರ್ಡೋನಿಯಸ್ ಏನು ಮಾಡಿದ ಅನ್ನುವುದು ಒಂಬತ್ತನೆಯದರ ಮೊದಲ ಸಾಲು. ಗ್ರೀಕ್‌ನಲ್ಲಿ ಇವೆರಡೂ ಒಂದಕ್ಕೊಂದು ಜೋಡಿಯಾದ ಮಾತುಗಳು. ನಡುವೆ ಕತ್ತರಿ ಹಾಕಿದ್ದು ನಂತರದವರು. ಬರೆದವನೇ ಭಾಗ ಮಾಡಿದ್ದರೆ ಮಾತಿನ ನಡುವೆ ಕತ್ತರಿಸುತ್ತಿದ್ದನಾ?

ಇಷ್ಟಕ್ಕೆ ಬಂದ ಮೇಲೆ, ಅವನು ಬರೆದು ಮುಗಿಸಿದನೇ ಅನ್ನುವುದನ್ನೂ ನೋಡೋಣ. ಅಸ್ಸೀರಿಯಾದ ಕಥನ ಬರೆಯುತ್ತೇನೆ ಅಂದ, ಅದು ಪುಸ್ತಕದಲ್ಲಿ ಇಲ್ಲ. ಥರ್ಮೊಪೈಲೆ ಯುದ್ಧದಲ್ಲಿ ಪರ್ಷಿಯನ್ನರಿಗೆ ಬೆಟ್ಟದ ದಾರಿ ತೋರಿಸಿದ ಎಫಿಯಾಲ್ಟಿಸ್‌ನನ್ನು ಕೊಂದವನು ಯಾವ ಕಾರಣಕ್ಕೆ ಕೊಂದ ಅಂತ ಮುಂದೆ ಹೇಳುತ್ತೇನೆ ಅಂದ, ಅದೂ ಇಲ್ಲ. ಇವನ್ನು ಹಿಡಿದು ಕೆಲವರು ಪುಸ್ತಕ ಅರ್ಧಕ್ಕೆ ನಿಂತಿದೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪರ್ಷಿಯನ್ನರ ಹಿಡಿತದಲ್ಲಿದ್ದ ಸೆಸ್ಟೋಸ್ ಊರು ಗ್ರೀಕರ ಕೈ ಸೇರಿದ ಮೇಲೆ ಅವನು ಸುಮ್ನೆ ನಿಲ್ಲಿಸುವುದಿಲ್ಲ. ಎಷ್ಟೋ ವರ್ಷ ಹಿಂದಕ್ಕೆ, ಮೊದಲ ಭಾಗದಲ್ಲಿ ಬಂದ ಪರ್ಷಿಯಾದ ರಾಜ ಸೈರಸ್‌ನ ಬಳಿಗೆ ಹೋಗುತ್ತಾನೆ. ಒಳ್ಳೆಯ ನೆಲ ಹುಡುಕಿ ಹೊರಡೋಣ ಅಂದ ಪರ್ಷಿಯನ್ನರನ್ನು ಸೈರಸ್ ತಡೆಯುತ್ತಾನೆ, ಅವರೂ ಒಪ್ಪುತ್ತಾರೆ. ಸೋತ ದಂಡಯಾತ್ರೆಯ ಕತೆಗೆ ಇಂಥ ಕೊನೆ ಆಕಸ್ಮಿಕವಾಗಿ ಬರುವುದಿಲ್ಲ, ಅಲ್ವಾ?