ಸಿಡ್ ಲಕ್‌ಮನ್: 1943ರ ಅಂಕಿಗಳನ್ನು ಹೇಗೆ ಓದಬೇಕು?

ಅಮೆರಿಕನ್ ಫುಟ್‌ಬಾಲ್ ಆಟಗಾರ ಸಿಡ್ ಲಕ್‌ಮನ್ ಬಗ್ಗೆ ಓದಲು ಕೂತರೆ ಮೊದಲು ಕಣ್ಣಿಗೆ ಬೀಳುವುದು 1943ರ ಲೆಕ್ಕ. ಹತ್ತು ಪಂದ್ಯ, 202 ಪಾಸ್, 28 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು). ಎಸೆದ ಏಳು ಪಾಸ್‌ಗೆ ಹೆಚ್ಚುಕಮ್ಮಿ ಒಂದು ಟಚ್‌ಡೌನ್! ಆ ವರ್ಷ ನವೆಂಬರ್ 14ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ, ಊರಿನ ಹುಡುಗನೆಂದು ಅವರಿಗೆ ಸನ್ಮಾನ ಮಾಡಿದ ದಿನವೇ, ಜೈಂಟ್ಸ್ ತಂಡದ ವಿರುದ್ಧ ಏಳು ಟಚ್‌ಡೌನ್ ಪಾಸ್ ಎಸೆದರು. ಅದನ್ನು ಸರಿಗಟ್ಟಿದವರಿದ್ದಾರೆ, ದಾಟಿದವರಿಲ್ಲ.

‘ಯುದ್ಧಕಾಲ, ಒಳ್ಳೆಯ ಆಟಗಾರರೆಲ್ಲ ಸೇನೆಯಲ್ಲಿದ್ದರು’ ಎಂದು ಇದನ್ನು ಪಕ್ಕಕ್ಕೆ ಸರಿಸುವವರುಂಟು. ಮಾತು ಪೂರ್ತಿ ಸುಳ್ಳಲ್ಲ. ಆ ವರ್ಷ ಆಟಗಾರರು ಸಾಲದೆ ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗ್ ತಂಡಗಳು ಸೇರಿ ಒಂದೇ ತಂಡ ಕಟ್ಟಿದವು. ಲಕ್‌ಮನ್ ಆಡುತ್ತಿದ್ದ ಶಿಕಾಗೋ ಬೇರ್ಸ್‌ಗೂ ಅದೇ ಪಾಡು: ಕೋಚ್ ಜಾರ್ಜ್ ಹಾಲಸ್ ನೌಕಾಪಡೆಗೆ ಹೋಗಿದ್ದರು, ನಿವೃತ್ತರಾಗಿದ್ದ ಹಳೆಯ ಆಟಗಾರ ಬ್ರಾಂಕೋ ನಗುರ್‌ಸ್ಕಿಯನ್ನು ವಾಪಸ್ ಕರೆಸಿಕೊಂಡಿದ್ದರು. ಆದರೆ ಅಂಕಿಗಳ ಬೇರು ಯುದ್ಧಕ್ಕಿಂತ ಹಿಂದಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬ್ರೂಕ್ಲಿನ್‌ನಲ್ಲಿ ಬೆಳೆದ ಲಕ್‌ಮನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಡಿದ್ದು ‘ಸಿಂಗಲ್ ವಿಂಗ್’ ಎಂಬ ನಿಲುವಿನ ಪದ್ಧತಿಯಲ್ಲಿ, ಚೆಂಡು ಪಡೆದು ಓಡುವ ಇಲ್ಲವೇ ಎಸೆಯುವ ಟೇಲ್‌ಬ್ಯಾಕ್ ಆಗಿ. ಅಲ್ಲಿ ಟೇಲ್‌ಬ್ಯಾಕ್ ಕೆಲವು ಯಾರ್ಡ್ ಹಿಂದೆ ನಿಂತಿರುತ್ತಾನೆ. ಚೆಂಡು ಹಾರಿ ಬಂದು ಅವನ ಕೈ ಸೇರುವುದು ಎದುರಾಳಿಗಳಿಗೆಲ್ಲ ಕಾಣುತ್ತದೆ. 1939ರಲ್ಲಿ ಬೇರ್ಸ್ ಸೇರಿದಾಗ ಹಾಲಸ್ ಅವರನ್ನು ‘ಟಿ ಫಾರ್ಮೇಶನ್’ ಎಂಬ ಇನ್ನೊಂದು ಪದ್ಧತಿಗೆ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವ, ಮಾಡಿದರು. ಇಲ್ಲಿ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಆಟಗಾರನ ಬೆನ್ನಿಗೇ ಅಂಟಿ ನಿಂತು ಚೆಂಡನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು. ತಕ್ಷಣ ಎದುರಾಳಿಗೆ ಬೆನ್ನು ತಿರುಗಿಸಿ ಒಬ್ಬನಿಗೆ ಕೊಟ್ಟಂತೆ ಮಾಡಬೇಕು, ಇನ್ನೊಬ್ಬನಿಗೆ ಕೊಡಬೇಕು, ಇಲ್ಲವೇ ತಾನೇ ಇಟ್ಟುಕೊಂಡು ಎಸೆಯಬೇಕು. ಚೆಂಡು ಯಾರ ಹತ್ತಿರ ಇದೆ ಎಂದು ಎದುರಾಳಿ ಹುಡುಕುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತದೆ. ಹೆಜ್ಜೆ ಇಡುವುದನ್ನೇ ಹೊಸದಾಗಿ ಕಲಿಯಬೇಕಾದ ಕೆಲಸ ಅದು.

ಫಲ ಕಂಡದ್ದು 1940ರ ಡಿಸೆಂಬರ್ 8ರಂದು. ಮೂರು ವಾರ ಹಿಂದಷ್ಟೇ 7-3ರಿಂದ ತಮ್ಮನ್ನು ಸೋಲಿಸಿದ್ದ ವಾಷಿಂಗ್ಟನ್ ತಂಡವನ್ನು ಬೇರ್ಸ್ ಫೈನಲ್‌ನಲ್ಲಿ 73-0ಯಿಂದ ಮಣಿಸಿತು. ಲಕ್‌ಮನ್ ಎಸೆದದ್ದು ಬೆರಳೆಣಿಕೆಯ ಪಾಸ್, ಎರಡನೇ ಅರ್ಧದಲ್ಲಿ ಮೈದಾನಕ್ಕಿಳಿಯಲೇ ಇಲ್ಲ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ.

1943ರ ಸೀಸನ್ ಮುಗಿದ ಮೇಲೆ ಲಕ್‌ಮನ್ ತಾವೂ ಅಮೆರಿಕದ ವ್ಯಾಪಾರಿ ಹಡಗುಗಳ ಸೇವೆಯಾದ ಮರ್ಚೆಂಟ್ ಮರೀನ್ ಸೇರಿದರು. ತಂಡದ ಜೊತೆ ಅಭ್ಯಾಸ ಮಾಡುವಂತಿರಲಿಲ್ಲ. ರಜೆ ಸಿಕ್ಕಾಗ ಬಂದು ಪಂದ್ಯ ಆಡುತ್ತಿದ್ದರು.

ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಮಾತ್ರ 1946ರದ್ದು. ಸೈನಿಕರೆಲ್ಲ ಮರಳಿದ್ದರು. ಜೈಂಟ್ಸ್ ವಿರುದ್ಧ ಫೈನಲ್, ಕೊನೆಯ ಕ್ವಾರ್ಟರ್, 14-14 ಸಮ. ಲಕ್‌ಮನ್ ತಮ್ಮ ತಂಡದ ಜಾರ್ಜ್ ಮೆಕಫೀಗೆ ಚೆಂಡು ಕೊಟ್ಟಂತೆ ಮಾಡಿದರು. ಎದುರಾಳಿಗಳು ಮೆಕಫೀ ಹಿಂದೆ ಓಡಿದರು. ಚೆಂಡು ಲಕ್‌ಮನ್ ಸೊಂಟದ ಮರೆಯಲ್ಲೇ ಇತ್ತು. ಅವರು ಇನ್ನೊಂದು ದಿಕ್ಕಿಗೆ 19 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು.