ಹಾರುವುದು ಅವರಿಷ್ಟ, ಇಳಿಯುವ ಗದ್ದೆ ಯಾರದು?

ಮಡಿಕೇರಿಯಲ್ಲಿ ವಕೀಲಿ ಮಾಡುವವರ ಮೇಜಿಗೆ ಬರುವ ಕಡತಗಳಲ್ಲಿ ಹೆಚ್ಚಿನವು ಜಮೀನಿನವೇ. ಬಾಣೆ (ಗದ್ದೆಗೆ ಸೇರಿದ ಎತ್ತರದ ಜಮೀನು), ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಪೈಸಾರಿ (ಸರ್ಕಾರಿ ಖಾಲಿ ಜಾಗ), ಗಡಿ ತಕರಾರು, ಅಣ್ಣ ತಮ್ಮಂದಿರ ಪಾಲು. ಹೋಂಸ್ಟೇಗಳು ಹೆಚ್ಚಿದ ಮೇಲೆ ಇವುಗಳ ಜೊತೆ ಸಾಹಸ ಕ್ರೀಡೆಯ ಕಾಗದಗಳೂ ಸೇರಿಕೊಂಡಿವೆ: ಜಿಪ್‌ಲೈನ್, ರಾಫ್ಟಿಂಗ್, ಜೀಪಿನಲ್ಲಿ ಬೆಟ್ಟ ಹತ್ತಿಸುವ ವ್ಯವಹಾರ. ಈಗ ಅಲ್ಲೊಬ್ಬರು ಇಲ್ಲೊಬ್ಬರು ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಿದ್ದಾರೆ. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಬೆಟ್ಟದ ಅಂಚಿನಿಂದ ಜಿಗಿಯುವ ‘ಬೇಸ್ ಜಂಪಿಂಗ್’ ಅನ್ನು ಸರ್ಕಾರಿ ಜಾಗದಲ್ಲಿ ಮಾಡಬಹುದೇ? ಮಾಡಬಾರದು ಎಂದರೆ, “ಯಾವ ಕಾನೂನಿನಲ್ಲಿ ಹಾಗೆ ಬರೆದಿದೆ ತೋರಿಸಿ ಸಾರ್” ಎನ್ನುತ್ತಾರೆ. ಬೆಂಗಳೂರಿನಿಂದ ಬರುವ ಹುಡುಗರದು ಕುತೂಹಲವಾದರೆ, ನಮ್ಮ ಊರಿನ ಜಾಗದ ಮಾಲೀಕರದು ಲೆಕ್ಕಾಚಾರ.

ಹೀಗೆ ಜಿಗಿಯುವುದು ಕಟ್ಟಡ, ಟವರ್, ಸೇತುವೆ ಅಥವಾ ಬಂಡೆಯಂಥ ನಿಂತ ಜಾಗದಿಂದ. ವಿಮಾನದಿಂದ ಹಾರುವ ಸ್ಕೈಡೈವರ್‌ಗೆ ಸಾವಿರಾರು ಅಡಿ ಅವಕಾಶವಿರುತ್ತದೆ, ಒಂದು ಪ್ಯಾರಾಚೂಟ್ ಕೈಕೊಟ್ಟರೆ ಎರಡನೆಯದಿರುತ್ತದೆ. ಬೇಸ್ ಜಂಪರ್ ಹತ್ತಿರ ಸಾಮಾನ್ಯವಾಗಿ ಇರುವುದು ಒಂದೇ. ಅದು ಬಿಚ್ಚಿಕೊಳ್ಳುವಾಗ ಸ್ವಲ್ಪ ತಿರುಗಿದರೂ ಬಂಡೆಗೇ ಹೋಗಿ ಬಡಿಯುತ್ತಾನೆ. ನಾರ್ವೆಯ ಕೆರಾಗ್ ಬಂಡೆಯಲ್ಲಿ 1995ರಿಂದ 2005ರವರೆಗಿನ ದಾಖಲೆ ತೆಗೆದು ವೈದ್ಯರು ಲೆಕ್ಕ ಹಾಕಿದ್ದಾರೆ: 20,850 ಜಿಗಿತ, 9 ಸಾವು. ಅಂದರೆ ಸುಮಾರು 2,300 ಜಿಗಿತಕ್ಕೆ ಒಂದು ಜೀವ. ಅಮೆರಿಕದ ಸ್ಕೈಡೈವಿಂಗ್‌ನಲ್ಲಿ 2023ರಲ್ಲಿ 36 ಲಕ್ಷಕ್ಕೂ ಹೆಚ್ಚು ಜಿಗಿತಗಳಿಗೆ 10 ಸಾವು. ಪ್ಯಾರಾಚೂಟ್ ಒಂದೇ ಜಾತಿಯದ್ದಾದರೂ ಆಟ ಬೇರೆ.

ಇಷ್ಟು ಕೇಳಿದ ಮೇಲೆ “ಹಾಗಾದರೆ ನಿಷೇಧಿಸಿಬಿಡಿ” ಎನ್ನುವವರೇ ಹೆಚ್ಚು. ನಾನು ಆ ಗುಂಪಿನವನಲ್ಲ. ವಯಸ್ಕನೊಬ್ಬ ತನ್ನ ಜೀವವನ್ನು ತಾನು ಪಣಕ್ಕಿಡುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಅಪರಾಧಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಶಿಕ್ಷಿಸುವ ಕ್ರಮದಿಂದ ನಮ್ಮ ಕಾನೂನು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಹಿಂದೆ ಸರಿದಿದೆ. ಬದುಕುವ ಖುಷಿಗೆಂದು ಪ್ಯಾರಾಚೂಟ್ ಕಟ್ಟಿಕೊಂಡವನನ್ನು ಜೈಲಿಗೆ ಹಾಕುವುದು ಇನ್ನೂ ವಿಚಿತ್ರವಾಗುತ್ತದೆ. ಸೈನ್ಯಕ್ಕೆ ಮಕ್ಕಳನ್ನು ಕಳಿಸುತ್ತ ಬಂದ ಜಿಲ್ಲೆ ಇದು. ರಾಜ್ಯದ ಸಾಹಸ ಅಕಾಡೆಮಿಗೆ ಇಟ್ಟಿರುವುದು ನಮ್ಮ ಜನರಲ್ ತಿಮ್ಮಯ್ಯನವರ ಹೆಸರನ್ನೇ. ಧೈರ್ಯವನ್ನು ಕಂಡು ಬೆಚ್ಚುವವರು ನಾವಲ್ಲ.

ಆದರೆ ಕಾನೂನು ಕೇಳಬೇಕಾದ್ದು ಹಾರುವವನ ಜೀವದ ಪ್ರಶ್ನೆಯನ್ನಲ್ಲ. ಯಾರ ನೆಲ, ಯಾತಕ್ಕಾಗಿ ಇಟ್ಟ ನೆಲ, ಬಿದ್ದವನನ್ನು ಎತ್ತಿ ತರುವವರು ಯಾರು ಎಂಬುದನ್ನು.

ನೆಲದಿಂದಲೇ ಶುರು ಮಾಡೋಣ. ನಮ್ಮ ಎತ್ತರದ ಬೆಟ್ಟಗಳಲ್ಲಿ ಹೆಚ್ಚಿನವು ಅರಣ್ಯ ಇಲಾಖೆಯ ಗಡಿಯೊಳಗಿವೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿಧಾಮಗಳು. ತಡಿಯಂಡಮೋಳ್ ಕಡೆ ಮೀಸಲು ಅರಣ್ಯ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮೂರೂ ಧಾಮಗಳು ಅದರೊಳಗೆ ಬಂದವು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ‘ಪ್ಯಾರಾಚೂಟ್’ ಎಂದು ಹುಡುಕಿದರೆ ಸಿಗದು, ಆ ಮಟ್ಟಿಗೆ ಹುಡುಗರು ಹೇಳುವುದು ಸರಿ. ಆದರೆ ಅದರ 27ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಧಾಮದೊಳಗೆ ಕಾಲಿಡುವುದೇ ತಪ್ಪು. 28ನೇ ಕಲಮಿನಲ್ಲಿ ಪರವಾನಗಿ ಕೊಡಬಹುದಾದ ಕಾರಣಗಳಿವೆ: ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರ ಜೊತೆಗಿನ ವ್ಯವಹಾರ. “ಪ್ರವಾಸ ಅಂತ ಇದೆಯಲ್ಲ?” ಎಂದು ಬುದ್ಧಿವಂತರು ಹಿಡಿಯುತ್ತಾರೆ. ಇದೆ. ಆದರೆ ಅದು ಅಧಿಕಾರಿ ಕೊಡಬಹುದಾದ ಪರವಾನಗಿಯೇ ಹೊರತು ಕೇಳಿದವರಿಗೆಲ್ಲ ಸಿಗಬೇಕಾದ ಹಕ್ಕಲ್ಲ. ಮೀರಿದರೆ ಮೂರು ವರ್ಷದವರೆಗೆ ಸೆರೆ ಅಥವಾ 2022ರ ತಿದ್ದುಪಡಿಯ ನಂತರ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೊರಗಿನವರಿಗೆ ಅರ್ಥವಾಗದ ತೊಡಕು ಇನ್ನೊಂದಿದೆ. ಕೊಡಗಿನ ಬೆಟ್ಟ ಒಂದೇ ಕೈಯಲ್ಲಿರುವುದಿಲ್ಲ. ಕೆಳಗೆ ಗದ್ದೆ, ಅದರ ಮೇಲೆ ತೋಟ, ಮೇಲೆ ಬಾಣೆ, ಪಕ್ಕದಲ್ಲಿ ಒಂದು ಚೂರು ಪೈಸಾರಿ, ಅದಕ್ಕಂಟಿ ದೇವರಕಾಡು, ನೆತ್ತಿಯಲ್ಲಿ ಮೀಸಲು ಅರಣ್ಯ. ಟ್ರೆಕ್ಕಿಂಗ್ ಮಾಡುವವನು ದಾರಿ ಹಿಡಿದು ಹೋಗುತ್ತಾನೆ, ಗೇಟಿನಲ್ಲಿ ತಡೆಯಬಹುದು. ಹಾರುವವನಿಗೆ ಗೇಟಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಬಾಣೆಯಿಂದಲೇ ಜಿಗಿದರೂ ಗಾಳಿ ಧಾಮದ ಕಡೆಗೆ ತಳ್ಳಿದರೆ ಪರವಾನಗಿಯಿಲ್ಲದೆ ಇಳಿದಂತಾಯಿತು. ದೇವರಕಾಡಿನಲ್ಲಿ ಇಳಿದರೆ ಕಾನೂನಿಗಿಂತ ಮೊದಲು ಊರವರು ಬರುತ್ತಾರೆ, ಬರಬೇಕಾದ್ದೇ.

ಇನ್ನು ತೋಟ. ಪ್ಯಾರಾಚೂಟಿನವರ ವಿಡಿಯೊಗಳಲ್ಲಿ ಕೆಳಗೆ ವಿಶಾಲವಾದ ಹುಲ್ಲುಗಾವಲು ಕಾಣುತ್ತದೆ. ನಮ್ಮಲ್ಲಿ ಮೇಲಿನಿಂದ ಹಸಿರಾಗಿ ಕಾಣುವುದು ಕಾಫಿಗೆ ನೆರಳು ಕೊಡುವ ಮರಗಳ ತಲೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕರೆಂಟಿನ ತಂತಿ, ಬೇಲಿಗೆ ಸೋಲಾರ್. ಹಗಲಿನಲ್ಲಿ ತೋಟದಲ್ಲೇ ನಿಂತಿರುವ ಆನೆಗಳ ಗುಂಪು ಬೇರೆ. ತೆರೆದ ಜಾಗ ಎಂದರೆ ಗದ್ದೆ ಒಂದೇ, ಅದರಲ್ಲೂ ನಾಟಿಯಿಂದ ಕೊಯ್ಲಿನವರೆಗೆ ಬೆಳೆ ನಿಂತಿರುತ್ತದೆ.

ಜಿಗಿಯುವುದಕ್ಕೂ ನಮ್ಮ ಭೂಮಿ ಅಷ್ಟೇನೂ ಹೇಳಿಮಾಡಿಸಿದ್ದಲ್ಲ. ತಡಿಯಂಡಮೋಳ್ 1,748 ಮೀಟರ್ ಎಂಬುದು ಸಮುದ್ರಮಟ್ಟದಿಂದ ಅಳೆದ ಎತ್ತರ. ಬೇಸ್ ಜಂಪರ್‌ಗೆ ಬೇಕಾದ್ದು ಕಾಲ ಕೆಳಗೆ ನೇರವಾಗಿ ಇಳಿಯುವ ಗೋಡೆ. ನಮ್ಮ ಬೆಟ್ಟಗಳು ಹುಲ್ಲು ಹೊದ್ದು ಓರೆಯಾಗಿ ಜಾರುತ್ತವೆ, ಮಡಿಲಲ್ಲಿ ಶೋಲಾ ಕಾಡು. ಇರ್ಪು ಜಲಪಾತದ ಎತ್ತರ ಸುಮಾರು 170 ಅಡಿ, ಅಲ್ಲಿಂದ ಬಿಟ್ಟ ವಸ್ತು ತಳ ಮುಟ್ಟಲು ಮೂರೂಕಾಲು ಸೆಕೆಂಡು ಸಾಕು. ಅದರೊಳಗೆ ಪ್ಯಾರಾಚೂಟ್ ಬಿಚ್ಚಿ, ದಿಕ್ಕು ಸರಿಪಡಿಸಿ, ಬಂಡೆ ತಪ್ಪಿಸಿ ಇಳಿಯಬೇಕು. ಆದ್ದರಿಂದ ಇಲ್ಲಿ ನಿಜವಾಗಿ ಬರಬಹುದಾದ ಬೇಡಿಕೆ ಪ್ಯಾರಾಗ್ಲೈಡಿಂಗ್‌ನದ್ದು ಎಂದು ನನ್ನ ಅಂದಾಜು. ಹಿಮಾಚಲ ಪ್ರದೇಶ ಅದಕ್ಕೆಂದೇ 2004ರಲ್ಲಿ ಏರೋ ಸ್ಪೋರ್ಟ್ಸ್ ನಿಯಮಗಳನ್ನು ಮಾಡಿಕೊಂಡಿತು.

ಸಾರ್ವಜನಿಕ ಉದ್ಯಾನದಲ್ಲಿ ಇದನ್ನು ನಿಷೇಧಿಸಿದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಥೆ ಸಾಕು. ಅಲ್ಲಿನ ಎಲ್ ಕ್ಯಾಪಿಟನ್ ಸುಮಾರು 900 ಮೀಟರಿನ ನೇರ ಬಂಡೆ. 1980ರ ಆಗಸ್ಟ್‌ನಲ್ಲಿ ಉದ್ಯಾನದವರು ಪರವಾನಗಿ ಕೊಟ್ಟು ನೋಡಿದರು. ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ಆಮೇಲೆ ಜಿಗಿದವರನ್ನು ಹಿಡಿಯುವುದಕ್ಕೆ ಬಳಸುತ್ತಿರುವುದು ಮನುಷ್ಯರನ್ನಾಗಲೀ ವಸ್ತುವನ್ನಾಗಲೀ ಆಕಾಶಮಾರ್ಗದಿಂದ ಇಳಿಸಬಾರದು ಎಂಬ ನಿಯಮ. ಅದು ವಿಮಾನದಿಂದ ಸಾಮಾನು ಇಳಿಸುವವರಿಗೆ ಮಾಡಿದ್ದು, ನಮಗಲ್ಲ ಎಂದು ಜಿಗಿತಗಾರರು ವಾದಿಸುತ್ತಲೇ ಬಂದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಆಲ್ಬರ್ಸ್ ಪ್ರಕರಣದಲ್ಲಿ ನಿಯಮ ಬೇಸ್ ಜಂಪಿಂಗಿಗೂ ಅನ್ವಯಿಸುತ್ತದೆ ಎಂದಿತು. ವಕೀಲನಾಗಿ ಆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದನ್ನು ಜಾರಿ ಮಾಡಿದ ರೀತಿಯ ಬಗ್ಗೆ.

1999ರ ಜೂನ್‌ನಲ್ಲಿ ಫ್ರ್ಯಾಂಕ್ ಗ್ಯಾಂಬಲಿ ಎಂಬಾತ ಎಲ್ ಕ್ಯಾಪಿಟನ್‌ನಿಂದ ಜಿಗಿದು ಸುರಕ್ಷಿತವಾಗಿ ಇಳಿದ. ಕಾವಲಿನವರು ಬೆನ್ನಟ್ಟಿದಾಗ ತಪ್ಪಿಸಿಕೊಳ್ಳಲು ಮರ್ಸೆಡ್ ನದಿಗೆ ಹಾರಿ ಮುಳುಗಿ ಸತ್ತ. ಅದನ್ನು ಪ್ರತಿಭಟಿಸಲು ಅಕ್ಟೋಬರಿನಲ್ಲಿ ಕೆಲವರು ಮೊದಲೇ ತಿಳಿಸಿ, ಪತ್ರಕರ್ತರ ಎದುರೇ ಜಿಗಿದರು. ಅವರಲ್ಲಿ ಜಾನ್ ಡೇವಿಸ್ ಎಂಬ ಅನುಭವಿ ಮಹಿಳೆ, ಇಳಿದ ಮೇಲೆ ಸಲಕರಣೆ ಜಪ್ತಿಯಾಗುತ್ತದೆಂದು ತನ್ನದನ್ನು ಬಿಟ್ಟು ಎರವಲು ತಂದದ್ದನ್ನು ಕಟ್ಟಿಕೊಂಡಿದ್ದರು. ಅವರ ಪ್ಯಾರಾಚೂಟ್ ಬಿಚ್ಚಿಕೊಳ್ಳಲೇ ಇಲ್ಲ. ಒಬ್ಬನನ್ನು ಕೊಂದದ್ದು ಬಂಡೆಯಲ್ಲ, ಬೆನ್ನಟ್ಟುವಿಕೆ. ಇನ್ನೊಬ್ಬರ ಸಾವಿನ ಹಿಂದೆ ಜಪ್ತಿಯ ಭಯವಿತ್ತು.

ಅದೇ ದೇಶದ ಅದೇ ರಾಷ್ಟ್ರೀಯ ಉದ್ಯಾನ ಇಲಾಖೆ ಇನ್ನೊಂದು ಕಡೆ ಬೇರೆಯೇ ಥರ ನಡೆದುಕೊಳ್ಳುತ್ತದೆ. ವೆಸ್ಟ್ ವರ್ಜೀನಿಯಾದ ನ್ಯೂ ರಿವರ್ ಕಣಿವೆಯ ಮೇಲೆ 267 ಮೀಟರ್ ಎತ್ತರದ ಸೇತುವೆಯಿದೆ. ಅಕ್ಟೋಬರಿನ ಮೂರನೇ ಶನಿವಾರ ‘ಬ್ರಿಡ್ಜ್ ಡೇ’. ವರ್ಷಕ್ಕೆ ಅದೊಂದು ದಿನ ಪರವಾನಗಿಯೊಂದಿಗೆ ನೂರಾರು ಜನ ಜಿಗಿಯುತ್ತಾರೆ, ಕೆಳಗೆ ರಕ್ಷಣಾ ದೋಣಿಗಳು ಕಾಯುತ್ತಿರುತ್ತವೆ. ಅಲ್ಲಿಯೂ ಸಾವು ತಪ್ಪಿಲ್ಲ. 1966ರಲ್ಲಿ ಎಲ್ ಕ್ಯಾಪಿಟನ್‌ನಿಂದ ಮೊದಲು ಜಿಗಿದ ಇಬ್ಬರಲ್ಲಿ ಒಬ್ಬರಾದ ಬ್ರಯಾನ್ ಶೂಬರ್ಟ್ ಸತ್ತದ್ದು 2006ರ ಬ್ರಿಡ್ಜ್ ಡೇಯಲ್ಲೇ. ನಾರ್ವೆಯವರು ಇನ್ನೂ ನಾಜೂಕು: ಕೆರಾಗ್‌ನಲ್ಲಿ ಬಿಟ್ಟರು, ರಕ್ಷಣೆಗೆ ಹೋದವರ ಜೀವಕ್ಕೇ ಅಪಾಯವಾದ ಟ್ರೋಲ್‌ವೆಗ್ಗನ್ ಬಂಡೆಯಲ್ಲಿ 1986ರಿಂದ ನಿಷೇಧಿಸಿದರು. ಆಟಕ್ಕೊಂದು ಕಾನೂನು ಮಾಡದೆ ಬಂಡೆಗೊಂದು ಕಾನೂನು ಮಾಡಿದರು. ನನಗೆ ಹಿಡಿಸಿದ್ದು ಇದು.

ರಕ್ಷಣೆಯ ವಿಷಯಕ್ಕೆ ಬಂದರೆ ನಮ್ಮ ಸ್ಥಿತಿ ಎಲ್ಲರಿಗೂ ಗೊತ್ತು. ಇಳಿಜಾರಿನಲ್ಲಿ ಸಿಕ್ಕಿಕೊಂಡವನನ್ನು ತರಲು ಹೆಲಿಕಾಪ್ಟರ್ ಬರುವುದಿಲ್ಲ. ಹೋಗುವವರು ಅರಣ್ಯ ವಾಚರ್‌ಗಳು, ಅಗ್ನಿಶಾಮಕ ಸಿಬ್ಬಂದಿ, ಹಗ್ಗ ಹಿಡಿದ ಊರ ಹುಡುಗರು, ಕೆಲಸ ಬಿಟ್ಟು ಓಡುವ ತೋಟದ ಕಾರ್ಮಿಕರು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದೆ ನಿಜ, ಆದರೂ ತಲೆಗೆ ಗಂಭೀರ ಪೆಟ್ಟಾದರೆ ಮೈಸೂರೋ ಮಂಗಳೂರೋ ಎಂದು ಆಂಬುಲೆನ್ಸ್ ತಿರುಗಿಸುವುದು ತಪ್ಪಿಲ್ಲ. ಮೈಸೂರಿಗೆ 120 ಕಿಲೋಮೀಟರ್. ಮೋಟಾರು ವಾಹನ ಕಾಯ್ದೆಯಲ್ಲಿ ನೆರವಿಗೆ ಬಂದವರಿಗೆ ಕಾನೂನಿನ ರಕ್ಷಣೆ ಕೊಡುವ 134ಎ ಕಲಮು ಇದೆ; ಅದು ವಾಹನ ಅಪಘಾತಕ್ಕೆ ಮಾತ್ರ. ಬಂಡೆಯ ಬುಡದಿಂದ ಗಾಯಾಳುವನ್ನು ಹೊತ್ತು ತಂದವನಿಗೆ ಅದು ಸಿಗದು. ಜಾರಿ ಅವನ ಕಾಲೇ ಮುರಿದರೆ ಖರ್ಚು ಯಾರದು? ಹಾರುವವನಾದರೂ ಒಂದು ಫಾರಂಗೆ ಸಹಿ ಹಾಕಿರುತ್ತಾನೆ. ಇವನು ಯಾವುದಕ್ಕೂ ಹಾಕಿಲ್ಲ.

ಆ ಫಾರಂ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಜಾಗದ ಮಾಲೀಕರು ಅದನ್ನೇ ದೊಡ್ಡ ಕವಚ ಅಂದುಕೊಂಡಿದ್ದಾರೆ. “ನನ್ನ ಸ್ವಂತ ಜವಾಬ್ದಾರಿಯಲ್ಲಿ ಭಾಗವಹಿಸುತ್ತಿದ್ದೇನೆ” ಎಂಬ ಸಹಿ ಆಟದ ಸಹಜ ಅಪಾಯವನ್ನು ಒಪ್ಪಿದ್ದಕ್ಕೆ ಸಾಕ್ಷಿ, ಅಷ್ಟೆ. ನಿಮ್ಮ ಕಡೆಯ ನಿರ್ಲಕ್ಷ್ಯವನ್ನು ಅದು ತೊಳೆಯುವುದಿಲ್ಲ. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಮೊಕದ್ದಮೆ ಹೂಡುವುದು ಸರ್ಕಾರ. ಸತ್ತವನ ಸಹಿ ಸರ್ಕಾರವನ್ನು ಕಟ್ಟಿಹಾಕದು. ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷವಿದ್ದ ಶಿಕ್ಷೆ 2024ರ ಜುಲೈಯಿಂದ ಐದು ವರ್ಷದವರೆಗೆ ಏರಿದೆ. ಹಣ ಪಡೆದು ಸೇವೆ ಕೊಟ್ಟಿದ್ದರೆ ಗ್ರಾಹಕ ಆಯೋಗದ ದಾರಿಯೂ ತೆರೆದಿರುತ್ತದೆ. ವಿಮೆ ಇದೆ ಎನ್ನುವವರು ಪಾಲಿಸಿಯ ಕೊನೆಯ ಪುಟಗಳನ್ನು ಓದಿರುವುದು ಕಡಿಮೆ, ಅಪಾಯಕಾರಿ ಕ್ರೀಡೆಗಳನ್ನು ಹೊರಗಿಟ್ಟಿರುವುದು ಅಲ್ಲೇ.

ಇಷ್ಟರ ಮೇಲೆ ನನ್ನ ನಿಲುವು: ವನ್ಯಜೀವಿಧಾಮ, ನಾಗರಹೊಳೆ, ದೇವರಕಾಡು, ಇಲ್ಲಿ ಬೇಡ. ಅವು ಮನುಷ್ಯರ ಆಟಕ್ಕಾಗಿ ಇಟ್ಟ ಜಾಗಗಳೇ ಅಲ್ಲ. ರಾಜಾಸೀಟಿನಂಥ ಉದ್ಯಾನದಲ್ಲೂ ಬೇಡ. ಮಕ್ಕಳನ್ನು ಕರೆದುಕೊಂಡು ಸಂಜೆ ನೋಡಲು ಬಂದವರ ಕಣ್ಣೆದುರು ಒಬ್ಬ ಬಂಡೆಗೆ ಬಡಿಯುವುದನ್ನು ಅವರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. ಪೈಸಾರಿಯಲ್ಲಿ ಅಥವಾ ಒಪ್ಪಿಗೆಯಿರುವ ಬಾಣೆಯಲ್ಲಿ, ಪ್ಯಾರಾಗ್ಲೈಡಿಂಗ್ ಆಗಲಿ ಜಿಗಿತವಾಗಲಿ, ಜಿಲ್ಲಾಧಿಕಾರಿಗಳ ಪರವಾನಗಿಯ ಮೇಲೆ ಗೊತ್ತಾದ ದಿನಗಳಲ್ಲಿ ಬಿಡಬಹುದು. ಇಳಿಯುವ ಗದ್ದೆಯ ಯಜಮಾನರ ಲಿಖಿತ ಒಪ್ಪಿಗೆ ಇರಬೇಕು, ಅವರಿಗೆ ಬಾಡಿಗೆ ಸಲ್ಲಬೇಕು. ರಕ್ಷಣೆಯ ಖರ್ಚಿಗೆ ಮುಂಗಡ ಠೇವಣಿ ಮತ್ತು ರಕ್ಷಣೆಗೆ ಹೋಗುವವರ ಹೆಸರಿನಲ್ಲಿ ವಿಮೆ ಇರಬೇಕು. ಹಾರುವವನ ವಿಮೆ ಅವನ ಪಾಡು. ನಿಯಮ ಮೀರಿದವರಿಗೆ ಕಠಿಣ ದಂಡ ಹಾಕಿ, ಆದರೆ ಪ್ಯಾರಾಚೂಟ್ ಕಿತ್ತುಕೊಳ್ಳಬೇಡಿ, ಇಳಿಜಾರಿನಲ್ಲಿ ಓಡಿಸಿ ಹಿಡಿಯಬೇಡಿ. ಕೆಳಗೆ ಇಳಿದವನು ರಸ್ತೆಗೆ ಬರಲೇಬೇಕು, ಅಲ್ಲಿ ಹೆಸರು ಬರೆದುಕೊಂಡರೆ ಸಾಕು.

ದಿನ ಗೊತ್ತುಮಾಡುವುದೇ ಕಷ್ಟದ ಕೆಲಸ. ಜೂನ್‌ನಿಂದ ಮಳೆ, ಮಂಜು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಮಳೆಗಾಲದಲ್ಲಿ ಬೆಟ್ಟದಂಚಿಗೆ ಜನ ಸೇರಿಸುವ ಮಾತನ್ನು ಯಾರೂ ಆಡಲಾರರು. ಸುಗ್ಗಿ ಹಬ್ಬವಾದ ಪುತ್ತರಿ ಕಳೆದು ಕೊಯ್ಲು ಮುಗಿಯುವವರೆಗೆ ಗದ್ದೆ ಖಾಲಿಯಿಲ್ಲ. ಖಾಲಿಯಾಗುವ ಹೊತ್ತಿಗೆ ತೋಟದಲ್ಲಿ ಕಾಫಿ ಕೊಯ್ಲು, ಮರಗಳ ಕೆಳಗೆಲ್ಲ ಜನ. ಅದು ಮುಗಿಯುವಷ್ಟರಲ್ಲಿ ಬೆಟ್ಟದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹತ್ತಿ, ಅರಣ್ಯ ಇಲಾಖೆ ಚಾರಣದ ದಾರಿಗಳನ್ನೇ ಮುಚ್ಚುತ್ತದೆ. ಅರ್ಜಿ ಹಾಕುವವರು ಜನವರಿಯ ಕೊನೆಯ ಎರಡು ವಾರಗಳನ್ನು ಕೇಳುವುದು ಒಳ್ಳೆಯದು, ಅದೂ ಗದ್ದೆಯವರ ಹತ್ತಿರ ಮೊದಲು ಹೋಗಿ ಮಾತಾಡಿಕೊಂಡು ಬಂದ ಮೇಲೆ.