ಜೆಪ್ಪುವಿನ ಹಂಚಿಗೆ ಬಿದ್ದ ‘ಶತ್ರು’ ಮುದ್ರೆ

ಮಂಗಳೂರಿನ ಹಳೇ ಮನೆಯ ಮಾಡಿನಿಂದ ಇಳಿಸಿದ ಹಂಚುಗಳನ್ನು ಮಗುಚಿ ನೋಡಿದರೆ ಕೆಲವದರ ಬೆನ್ನಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು ಕಾಣುತ್ತದೆ, ಕೆಲವದರಲ್ಲಿ ಕಾಮನ್‌ವೆಲ್ತ್ ಎಂಬ ಅಚ್ಚು. ಅದೇ ಕೆಂಪು, ಅದೇ ಅಳತೆ. ಈ ಎರಡು ಹೆಸರುಗಳ ನಡುವೆ ನಡೆದುಹೋದದ್ದು ಮೊದಲನೇ ಮಹಾಯುದ್ಧ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಅವರ ಮನೆಯವರು, ಜಾತಿಯವರು ದೂರವಿಟ್ಟರು. ಶೇಂದಿ ಇಳಿಸುವ ಕಸುಬನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಹಾಗಾದರೆ ಹೊಟ್ಟೆಪಾಡಿಗೇನು? ಅದಕ್ಕಾಗಿ ನೇಯ್ಗೆ, ಮುದ್ರಣ, ಹಂಚು ಶುರುವಾದವು. ನೇತ್ರಾವತಿ ದಡದ ಜೇಡಿಮಣ್ಣನ್ನು ನಂಬಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಕುದ್ರೋಳಿ, ಮಲ್ಪೆ, ಮಲಬಾರಿನವರೆಗೂ ಹಂಚು ಸುಡುವ ಗೂಡುಗಳು ಉರಿದವು. ವ್ಯವಹಾರ ನೋಡಿಕೊಳ್ಳಲು ಮಿಷನ್ನಿನದೇ ವ್ಯಾಪಾರ ಕಂಪನಿ ಇತ್ತು.

1914ರಲ್ಲಿ ಯುದ್ಧ ಹತ್ತಿಕೊಂಡಾಗ ಸ್ವಿಟ್ಜರ್ಲೆಂಡ್ ತಟಸ್ಥವಾಗಿತ್ತು. ಆದರೆ ಇಲ್ಲಿ ದುಡಿಯುತ್ತಿದ್ದ ಪಾದ್ರಿಗಳು, ಮೇಲ್ವಿಚಾರಕರಲ್ಲಿ ಬಹಳಷ್ಟು ಮಂದಿ ಜರ್ಮನರು. ಬ್ರಿಟಿಷ್ ಸರಕಾರಕ್ಕೆ ಅಷ್ಟೇ ಸಾಕಾಯಿತು. ಪರವಾನಗಿ ಇಲ್ಲದೆ ಶತ್ರುದೇಶದವರು ವ್ಯಾಪಾರ ಮಾಡಕೂಡದು ಎಂಬ ಆದೇಶ ಬಂತು. ಅಂಥ ಸಂಸ್ಥೆಗಳನ್ನು ಮುಚ್ಚಿಸಿ ಆಸ್ತಿ ವಿಲೇವಾರಿ ಮಾಡಿಸುವ ಕಾಯ್ದೆಯೂ ಹಿಂದೆಯೇ ಬಂತು. ಜರ್ಮನ್ನರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಅನೇಕರನ್ನು ಹಡಗು ಹತ್ತಿಸಿ ಊರಿಗೆ ಕಳಿಸಿದರು.

ಕಾರ್ಖಾನೆಗಳು ಕೊನೆಗೆ ಸೇರಿದ್ದು ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿಗೆ. 1919ರ ವರ್ಸೇಲ್ಸ್ ಒಪ್ಪಂದದ 438ನೇ ವಿಧಿ ಇಂಥದ್ದಕ್ಕೆ ದಾರಿ ಮಾಡಿಕೊಟ್ಟಿತು: ಜರ್ಮನ್ ಮಿಷನ್‌ಗಳ ಆಸ್ತಿ, ಅವುಗಳನ್ನು ಪೋಷಿಸುತ್ತಿದ್ದ ವ್ಯಾಪಾರ ಸಂಸ್ಥೆಗಳ ಆಸ್ತಿಯೂ ಸೇರಿ, ಅದೇ ಮತದ ಧರ್ಮದರ್ಶಿಗಳ ಕೈಸೇರಬೇಕು, ಮಿಷನ್ ಕೆಲಸಕ್ಕೇ ಬಳಕೆಯಾಗಬೇಕು. ಉದ್ದೇಶ ಉಳಿಸಿದ್ದೇವೆ ಎಂದು ಹೇಳಿಕೊಳ್ಳಲು ಅನುಕೂಲವಾದ ಮಾತು. ಐವತ್ತು ವರ್ಷ ಗೂಡು ಉರಿಸಿದವರನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯವೇ. ಕೆಲಸಗಾರರು ಇಲ್ಲಿಯವರು, ಮಣ್ಣು ಇಲ್ಲಿಯದು, ಒಡೆತನ ತಟಸ್ಥ ದೇಶದ್ದು. ಶತ್ರುತ್ವ ಇದ್ದದ್ದು ಕೆಲವರ ಹುಟ್ಟೂರಿನಲ್ಲಿ ಮಾತ್ರ.

ಸ್ವತಂತ್ರ ಭಾರತವೂ ಈ ಪದ್ಧತಿಯನ್ನು ಬಿಡಲಿಲ್ಲ. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧದ ಹೊತ್ತಿನಲ್ಲಿ ಆ ದೇಶಗಳ ಪ್ರಜೆಗಳ ಆಸ್ತಿ ಹೋದದ್ದು ‘ಕಸ್ಟೋಡಿಯನ್’ ಎಂಬ ಸರಕಾರಿ ಅಧಿಕಾರಿಯ ವಶಕ್ಕೆ. ವಶಪಡಿಸಿಕೊಂಡದ್ದನ್ನು ಹಿಂದಿರುಗಿಸುವ ಬಗ್ಗೆ ಮಾತಾಡೋಣವೆಂದು 1966ರ ತಾಷ್ಕೆಂಟ್ ಘೋಷಣೆಯಲ್ಲಿ ಭಾರತ, ಪಾಕಿಸ್ತಾನ ಎರಡೂ ಒಪ್ಪಿದ್ದವು. ಅದು ಕೈಗೂಡಲಿಲ್ಲ. 1968ರಲ್ಲಿ ಶತ್ರು ಆಸ್ತಿ ಕಾಯ್ದೆ ಬಂತು. ವಾರಸುದಾರ ಭಾರತದ ಪ್ರಜೆಯಾಗಿದ್ದರೆ ಆಸ್ತಿ ಅವನಿಗೆ ಸಲ್ಲಬೇಕೆಂದು ಪಾಕಿಸ್ತಾನದ ಪ್ರಜೆಯಾದ ಮಹಮೂದಾಬಾದ್ ರಾಜನ ಆಸ್ತಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು: ವಾರಸುದಾರ ಯಾವ ದೇಶದವನೇ ಇರಲಿ, ಆಸ್ತಿ ಕಸ್ಟೋಡಿಯನ್ ಕೈಯಲ್ಲೇ.